ಸ್ವೀಡಿಷ್ ಶಾಲೆಯ ಮೂವತ್ತೆರಡನೇ ಕನ್ನಡ ತರಗತಿ

ಆಗಸ್ಟ್ 18, ಸೋಮವಾರ, ಬೆಳಿಗ್ಗೆ 9 ಗಂಟೆ 10 ನಿಮಿಷ. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ನನ್ನ ಮೊದಲ ಪಾಠ ಶುರುವಾಯಿತು. ಎದುರಿಗೆ ಇದ್ದದ್ದು ಒಬ್ಬಳೇ ವಿದ್ಯಾರ್ಥಿನಿ, ಎಂಟು ವರ್ಷದವಳು. ನನ್ನ ಕೈಯಲ್ಲಿ ಹೊಸ ನೋಟ್‌ಬುಕ್ ಇತ್ತು. ಹಿಂದಿನ ದಿನವೇ ಸ್ಕೇಲು ಹಿಡಿದು ಪುಟಕ್ಕೆ ಮೂರು ಕಾಲಂ ಎಳೆದಿಟ್ಟಿದ್ದೆ: ಕೇಳಿ ತಿಳಿದದ್ದು, ಸನ್ನೆಯಲ್ಲಿ ಉತ್ತರಿಸಿದ್ದು, ಬಾಯಿಬಿಟ್ಟು ಹೇಳಿದ್ದು. ಪಾಠ ಮುಗಿದಾಗ ಬರೆದುಕೊಂಡ ಲೆಕ್ಕ ಹೀಗಿತ್ತು: 11, 9, 0.

ಮೊದಲ ದಿನ ಸೊನ್ನೆ ಬಂದದ್ದಕ್ಕೆ ನನಗೆ ಬೇಸರವೇನೂ ಆಗಲಿಲ್ಲ. ಹೈಸ್ಕೂಲಿನಿಂದ ದಿನಚರಿ ಬರೆಯುತ್ತ ಬಂದವಳು ನಾನು. ಮಳೆ ಬಂದ ದಿನ, ಬಸ್ಸು ತಪ್ಪಿದ ದಿನ, ಓದಿ ಮುಗಿಸಿದ ಪುಟ, ಎಲ್ಲಕ್ಕೂ ಗೀಟು ಹಾಕುವ ಅಭ್ಯಾಸ. ಎಣಿಸುತ್ತ ಹೋದರೆ ಯಾವುದಾದರೂ ಏರಲೇಬೇಕು ಎಂಬುದು ನನ್ನ ನಂಬಿಕೆಯಾಗಿತ್ತು.

ಶಾಲೆಯ ವಿಷಯ ಮೊದಲು ಹೇಳಬೇಕು. ಹರಿಹರದ ಕಡೆಯ ಒಂದು ಕಾರ್ಖಾನೆಗೆ ಸ್ವೀಡನ್ನಿನಿಂದ ಹೊಸ ಯಂತ್ರಗಳು ಬಂದವು. ಅವುಗಳನ್ನು ಕೂಡಿಸಿ ನಡೆಸಿಕೊಡಲು ಆರು ಎಂಜಿನಿಯರುಗಳು ಎರಡು ವರ್ಷಕ್ಕೆಂದು ಸಂಸಾರ ಸಮೇತ ಬಂದರು. ಅವರ ಒಂಬತ್ತು ಮಕ್ಕಳಿಗಾಗಿ ಈ ಶಾಲೆ. ಕೆಳಗೆ ಎರಡು ತರಗತಿ, ಮೇಲೆ ಅಡುಗೆಮನೆ ಮತ್ತು ಒಂದು ಚಿಕ್ಕ ಕೋಣೆ. ಪಾಠಗಳೆಲ್ಲ ಸ್ವೀಡಿಷಿನಲ್ಲಿ, ದಿನಕ್ಕೊಂದು ಗಂಟೆ ಇಂಗ್ಲಿಷ್. ಮನೆಯಲ್ಲಿ ಬೇರೊಂದು ಭಾಷೆ ಇರುವ ಮಗುವಿಗೆ ಆ ಭಾಷೆಯನ್ನೂ ಕಲಿಸಬೇಕೆಂಬುದು ಅವರ ಪದ್ಧತಿ. ಇಬ್ಬರು ಅಣ್ಣತಮ್ಮಂದಿರ ತಾಯಿ ಫಿನ್ಲೆಂಡಿನವರು, ಅವರಿಗೆ ವಾರಕ್ಕೆರಡು ದಿನ ಕಂಪ್ಯೂಟರಿನ ಮೂಲಕ ಫಿನ್ನಿಷ್ ಪಾಠ. ನನ್ನ ಹುಡುಗಿಯ ತಂದೆ ಸ್ವೀಡನ್ನಿನ ಎಂಜಿನಿಯರು, ತಾಯಿ ಹರಿಹರದವರು. ಆದ್ದರಿಂದ ಸೋಮವಾರ, ಬುಧವಾರ, ಶುಕ್ರವಾರ ಅವಳಿಗೆ ಕನ್ನಡ. ಬಿ.ಎಡ್. ಮುಗಿಸಿ ಸರಸ್ವತಿ ನಗರದಲ್ಲಿ ಅಕ್ಕನ ಮನೆಯಲ್ಲಿದ್ದ ನನಗೆ ಆ ಕೆಲಸ ಸಿಕ್ಕಿತು.

ಅಲ್ಲಿನ ಮಕ್ಕಳು ಶಿಕ್ಷಕರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಮುಖ್ಯ ಶಿಕ್ಷಕಿಗೆ ಐವತ್ತೈದು ದಾಟಿತ್ತು, ಅವರನ್ನೂ ಹಾಗೆಯೇ. ಪಕ್ಕದಲ್ಲೇ ವಾಸವಾಗಿದ್ದ ಮನೆ ಮಾಲೀಕರು ಬಟ್ಟೆ ಅಂಗಡಿಯ ಸಾಹುಕಾರರು. ಮೊದಲ ವಾರವೇ ನನ್ನನ್ನು ಗೇಟಿನಲ್ಲಿ ತಡೆದರು.

"ಏನ್ರೀ ಮೇಡಂ, ಗೇಣುದ್ದ ಇಲ್ಲ, ದೊಡ್ಡ ಟೀಚರನ್ನ ಹೆಸರು ಹಿಡಿದು ಕೂಗ್ತಾವಲ್ರೀ! ನಮ್ಮ ಮೊಮ್ಮಗ ದಿನಾ ಕಾಂಪೌಂಡ್ ಮ್ಯಾಲೆ ಕೂತು ಕೇಳ್ತಾನೆ. ನಾಳೆ ನನ್ನೂ ಹೆಸರು ಹಿಡಿದು ಕರದ್ರೆ ಏನ್ ಮಾಡ್ಲಿ?"

"ಓಗೊಡ್ರಿ ಸಾವ್ಕಾರ್ರೆ," ಅಂದೆ. ಅವರು ನಕ್ಕರು, ಆದರೆ ಮರುದಿನದಿಂದ ಮೊಮ್ಮಗನನ್ನು ಕಾಂಪೌಂಡಿನ ಮೇಲೆ ಕೂರಲು ಬಿಡಲಿಲ್ಲ.

ಹುಡುಗಿಯ ತಾಯಿ ಎರಡನೇ ದಿನ ಬಂದು ನನ್ನನ್ನು ಕಂಡರು. ಅವರ ಮಾತಿನಲ್ಲಿ ಹರಿಹರ ಇನ್ನೂ ಹಾಗೇ ಇತ್ತು.

"ನೋಡ್ರಿ, ಮನಿಯಾಗ ನಾನು ಕನ್ನಡದಾಗೇ ಮಾತಾಡ್ತೀನಿ. ಎಲ್ಲಾ ತಿಳೀತೈತೆ ಇವಳಿಗೆ. ಉತ್ತರ ಮಾತ್ರ ಸ್ವೀಡಿಷ್‌ನಾಗೇ. ನಮ್ಮವ್ವ ಎಂಟು ವರ್ಷದಿಂದ ಫೋನಾಗ ಮಾತಾಡ್ತಾಳೆ, ಇವಳು ತಲಿ ಅಲ್ಲಾಡಿಸ್ತಾಳೆ. ಈಗ ಎರಡು ವರ್ಷ ಇಲ್ಲೇ ಇರ್ತೀವಿ. ಅಷ್ಟರಾಗ ನಮ್ಮವ್ವನ ಕೂಡ ಇವಳು ನಾಲ್ಕು ಮಾತಾಡಿದ್ರೆ ಸಾಕು ನನಗೆ."

ಆ ನಾಲ್ಕು ಮಾತು ನನ್ನ ಗುರಿಯಾಯಿತು. ನೋಟ್‌ಬುಕ್ಕಿನ ಮೊದಲ ಪುಟದ ಮೇಲ್ಭಾಗದಲ್ಲಿ "4" ಎಂದು ಬರೆದು ಸುತ್ತ ವೃತ್ತ ಹಾಕಿದೆ.

ಅದೇ ವಾರ ಮುಖ್ಯ ಶಿಕ್ಷಕಿ ಎಲ್ಲ ಮಕ್ಕಳಿಗೂ ಒಂದೊಂದು ಹಾಳೆ ಕೊಟ್ಟರು. ಹಾಳೆಯಲ್ಲಿ ಬರಿಯ ಮನುಷ್ಯಾಕಾರದ ಗೆರೆ. ನಿಮ್ಮ ಯಾವ ಭಾಷೆ ಮೈಯಲ್ಲಿ ಎಲ್ಲಿದೆಯೋ ಅಲ್ಲಿ ಬಣ್ಣ ಹಚ್ಚಿ ಎಂದರು. ಒಬ್ಬ ಇಂಗ್ಲಿಷನ್ನು ಬೆರಳುಗಳಿಗೆ ಹಚ್ಚಿದ, ಕಂಪ್ಯೂಟರ್ ಆಟ ಆಡುವುದು ಆ ಬೆರಳುಗಳಿಂದಲೇ ಅಂತೆ. ನನ್ನ ಹುಡುಗಿ ಸ್ವೀಡಿಷನ್ನು ತಲೆಗೂ ಎದೆಗೂ ನೀಲಿಯಲ್ಲಿ ತುಂಬಿದಳು. ಇಂಗ್ಲಿಷಿಗೆ ಹಸಿರು, ಅದು ಕಾಲುಗಳಲ್ಲಿ. ಕನ್ನಡಕ್ಕೆ ಕೆಂಪು. ಕೆಂಪು ಬಂದದ್ದು ಎರಡು ಕಿವಿಗಳಲ್ಲಿ ಮಾತ್ರ. ನಾನು ದಿನಚರಿಯಲ್ಲಿ "ಕಿವಿ, 2" ಎಂದು ಬರೆದುಕೊಂಡೆನೇ ಹೊರತು ಹೆಚ್ಚು ಯೋಚಿಸಲಿಲ್ಲ.

ಸೆಪ್ಟೆಂಬರ್ ಹೀಗೇ ಕಳೆಯಿತು. ತರಕಾರಿ ಬುಟ್ಟಿ ತಂದು ಹೆಸರು ಕೇಳಿದೆ, ಅವಳು ಬೆರಳು ತೋರಿಸಿದಳು. ಕತೆ ಹೇಳಿದೆ, ನಗಬೇಕಾದಲ್ಲಿ ಸರಿಯಾಗಿ ನಕ್ಕಳು. ಮುಂದೇನಾಯಿತು ಹೇಳು ಎಂದರೆ ಸ್ವೀಡಿಷಿನಲ್ಲಿ ಹೇಳಿದಳು. ನಾನು ಪೆನ್ನಿನ ಮುಚ್ಚಳ ತೆಗೆದು ಕಾದೇ ಕಾದೆ. ಅಕ್ಟೋಬರ್ 13ಕ್ಕೆ ಇಪ್ಪತ್ತೆರಡು ತರಗತಿಗಳಾದವು. ಮೊದಲ ಕಾಲಂ ಒಟ್ಟು 436. ಮೂರನೆಯದು ಸೊನ್ನೆ.

ಭಾನುವಾರಗಳಲ್ಲಿ ಊರಿಗೆ, ಲೋಕಿಕೆರೆಗೆ ಹೋಗುತ್ತಿದ್ದೆ. ಚಪ್ಪಲಿ ಬಿಡುವ ಮೊದಲೇ ಅಪ್ಪ ಕೇಳುತ್ತಿದ್ದರು, "ಏನವ್ವಾ ಟೀಚರಮ್ಮ, ಈ ವಾರನೂ ಸೊನ್ನಿ ಹೊತ್ಕೊಂಡು ಬಂದ್ಯೋ, ಹೆಂಗೆ?"

"ತಿಳ್ಕೊಳೋದು ನಾನೂರು ದಾಟೈತೆ ಅಪ್ಪ."

"ನಮ್ಮ ಎತ್ತಿಗೂ ನಾನ್ ಹೇಳೋದೆಲ್ಲ ತಿಳೀತೈತೆ. ಅದಕ್ಕೆ ಯಾರೂ ಸಂಬಳ ಕೊಡಲ್ಲ ಬಿಡು."

ಅಕ್ಟೋಬರ್ 14, ಮಂಗಳವಾರ, ಮಧ್ಯಾಹ್ನ 3.30ಕ್ಕೆ ಪಾಲಕರ ಸಭೆ. ಅಲ್ಲಿನ ಕ್ರಮದಂತೆ ಮಗುವನ್ನೂ ಪಕ್ಕದಲ್ಲೇ ಕೂರಿಸಿಕೊಂಡು ಮಾತನಾಡುತ್ತಾರೆ. ಹುಡುಗಿಯ ತಂದೆ ಮೆಲುದನಿಯ ಮನುಷ್ಯ. ನನ್ನ ಲೆಕ್ಕವನ್ನು ಕೇಳಿ ಪಡೆದು ಪುಟ ತಿರುಗಿಸಿ ನೋಡಿದರು, ಬಹಳ ಅಚ್ಚುಕಟ್ಟಾಗಿದೆ ಎಂದು ಮೆಚ್ಚಿದರು. ಆಮೇಲೆ ಮೂರನೇ ಕಾಲಂ ಮೇಲೆ ಬೆರಳಿಟ್ಟು ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇಷ್ಟು: ಇವಳು ಇಂಗ್ಲಿಷಿನಲ್ಲಿ ಹಿಂದಿದ್ದಾಳೆ. ಆಡದೇ ಇರುವ ಭಾಷೆಗೆ ವಾರದಲ್ಲಿ ಮೂರು ತರಗತಿ ಏಕೆ? ಆ ಸಮಯವನ್ನು ಇಂಗ್ಲಿಷಿಗೆ ಕೊಡಬಹುದಲ್ಲ?

ಕನ್ನಡದ ವಿರುದ್ಧ ಸಾಕ್ಷಿ ಹೇಳಿದ್ದು ನನ್ನದೇ ನೋಟ್‌ಬುಕ್. ತಾಯಿ ತಲೆ ತಗ್ಗಿಸಿ ಕೂತಿದ್ದರು. ಹುಡುಗಿ ಕಿಟಕಿಯ ಕಡೆ ನೋಡುತ್ತಿದ್ದಳು.

ಮುಖ್ಯ ಶಿಕ್ಷಕಿ ಒಂದು ಗಡುವು ಹಾಕಿದರು. ಡಿಸೆಂಬರ್ 12ರ ಬೆಳಿಗ್ಗೆ ಶಾಲೆಯಲ್ಲಿ ಲೂಸಿಯಾ ಹಬ್ಬ, ಅಲ್ಲಿಯವರೆಗೆ ಕನ್ನಡ ಇರಲಿ, ಆಮೇಲೆ ತೀರ್ಮಾನಿಸೋಣ ಎಂದರು. ಸಭೆ ಮುಗಿದ ಮೇಲೆ ನನ್ನನ್ನು ಕರೆದು, "ಬುಧವಾರದ ಪಾಠ ಈ ಕೋಣೆಯಲ್ಲಿ ಬೇಡ. ಭಾಷೆ ಎಲ್ಲಿದೆಯೋ ಅಲ್ಲಿಗೆ ಕರೆದುಕೊಂಡು ಹೋಗು. ವ್ಯಾನ್ ಕೊಡುತ್ತೇನೆ," ಎಂದರು.

ಹೀಗೆ ಹರಿಹರದ ಅಜ್ಜಿಯ ಮನೆಗೆ ಹೋಗಲು ಶುರುಮಾಡಿದೆವು. ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಹಳೆಯ ಮನೆ. ಅಜ್ಜಿ ಜೋಳದ ರೊಟ್ಟಿ ಬಡಿದು ಒಣಗಿಸಿ ಅಂಗಡಿಗಳಿಗೆ ಕೊಡುತ್ತಿದ್ದರು. ಜೊತೆಗೆ ಸೊಸೆ, ಪಕ್ಕದ ಮನೆಯ ಇಬ್ಬರು ಹೆಂಗಸರು. ಇಡೀ ಪಡಸಾಲೆ ರೊಟ್ಟಿ ಬಡಿಯುವ ಸದ್ದು, ಅದರ ಮೇಲೆ ಅಜ್ಜಿಯ ಮಾತು.

"ಬಾರವ್ವಾ ನನ್ನ ರಾಣಿ. ಬರ್ರಿ ಟೀಚರ್ರ, ಕೂಡ್ರಿ. ಮಾತಾಡದಿದ್ರೆ ಬ್ಯಾಡ ಬಿಡ್ರಿ, ಉಣ್ಣೋಕಾದ್ರೂ ಬಾಯಿ ತೆಗೀತಾಳಲ್ಲ."

ಹುಡುಗಿ ಅಜ್ಜಿಯ ಮಗ್ಗುಲಿಗೆ ಅಂಟಿಕೊಂಡು ಕೂರುತ್ತಿದ್ದಳು, ಹಿಟ್ಟಿನ ಉಂಡೆ ಮಾಡುತ್ತಿದ್ದಳು, ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಸಿಕೊಂಡು ತಿನ್ನುತ್ತಿದ್ದಳು. ನಾನು ಕಂಬಕ್ಕೆ ಒರಗಿ ನೋಟ್‌ಬುಕ್ ತೆರೆದಿಡುತ್ತಿದ್ದೆ. ಅಕ್ಟೋಬರ್ 15, ಸೊನ್ನೆ. ದೀಪಾವಳಿ ರಜೆಯ ನಂತರ 29, ಸೊನ್ನೆ. ಒಂದು ಸಲ ಅವಳು ಅಜ್ಜಿಯ ಕಿವಿಯ ಹತ್ತಿರ ಬಾಯಿ ತಂದಳು. ನಾನು ನೆಟ್ಟಗೆ ಕೂತೆ. ಅವಳು ನನ್ನ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು.

ನವೆಂಬರ್ 5ರಂದು ಮುಖ್ಯ ಶಿಕ್ಷಕಿಯೂ ಬಂದರು. ಎರಡು ಗಂಟೆ ಜಗುಲಿಯಲ್ಲಿ ಕೂತು ರೊಟ್ಟಿ ತಿಂದರು. ವಾಪಸು ಬರುವಾಗ ವ್ಯಾನಿನಲ್ಲಿ ಹುಡುಗಿಯ ಜೊತೆ ಸ್ವೀಡಿಷಿನಲ್ಲಿ ಮಾತನಾಡಿದರು. ಅಷ್ಟು ಹೊತ್ತಿಗೆ ನಾನೂ ಅರವತ್ತಮೂರು ಸ್ವೀಡಿಷ್ ಪದ ಕಲಿತಿದ್ದೆ, ಪಟ್ಟಿ ಇಟ್ಟಿದ್ದೆ. ಅವಳ ಮಾತಿನಲ್ಲಿ ನನಗೆ ತಿಳಿದದ್ದು "ಪುಸ್ತಕ" ಎಂಬ ಪದ ಮಾತ್ರ. ಅದು ಮೂರು ಸಲ ಬಂತು.

ಶಾಲೆ ತಲುಪಿದ ಮೇಲೆ ಮುಖ್ಯ ಶಿಕ್ಷಕಿ ನನಗೆ ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದರು. "ಅವಳು ಹೇಳುವುದು ಇದು: ಟೀಚರ್ ಯಾವಾಗಲೂ ಪೆನ್ನು ತೆರೆದು ಕಾಯುತ್ತಾಳೆ. ನನ್ನ ಮೊದಲನೇ ಮಾತೇ ತಪ್ಪಾದರೆ ಅದು ಆ ಪುಸ್ತಕದಲ್ಲಿ ಯಾವಾಗಲೂ ಇರುತ್ತದೆ."

ಆ ದಿನದ ದಿನಚರಿಯಲ್ಲಿ ನಾನು ಬರೆದದ್ದು ದಿನಾಂಕ ಮಾತ್ರ. ಮಗು ಮಾತನಾಡುತ್ತಿಲ್ಲ ಎಂದು ನಾನು ಎಣಿಸುತ್ತಿದ್ದೆ. ನಾನು ಎಣಿಸುತ್ತಿದ್ದೇನೆಂದೇ ಮಗು ಮಾತನಾಡುತ್ತಿರಲಿಲ್ಲ.

ನೋಟ್‌ಬುಕ್ಕನ್ನು ಮನೆಯಲ್ಲೇ ಬಿಟ್ಟು ಹೋಗಬಹುದಿತ್ತು. ಆದರೆ ಪುಸ್ತಕ ಎಲ್ಲೋ ಕಪಾಟಿನಲ್ಲಿದೆ ಎಂದು ಅವಳಿಗೆ ಗೊತ್ತಿರುತ್ತದಲ್ಲ ಎನಿಸಿತು. ನವೆಂಬರ್ 7, ಶುಕ್ರವಾರ, ಪುಸ್ತಕವನ್ನೂ ಪೆನ್ನನ್ನೂ ಅವಳ ಕೈಗೇ ಕೊಟ್ಟೆ. ಇವತ್ತಿನಿಂದ ನೀನು ನನ್ನನ್ನು ಎಣಿಸು, ನಾನು ಸ್ವೀಡಿಷ್ ಮಾತನಾಡುತ್ತೇನೆ, ಸರಿಯಾದರೆ ಒಂದು ಕಡೆ ಗೀಟು, ತಪ್ಪಾದರೆ ಇನ್ನೊಂದು ಕಡೆ ಎಂದೆ. ಅವಳ ಮುಖ ಅರಳಿತು. ಪೆನ್ನಿನ ಮುಚ್ಚಳ ತೆಗೆದಳು. ನನ್ನ ಬಾಯಿಯನ್ನೇ ನೋಡುತ್ತ ಕೂತಳು.

ನನಗೆ ಬರುತ್ತಿದ್ದ ಅರವತ್ತಮೂರು ಪದಗಳಲ್ಲಿ ಒಂದೂ ನೆನಪಾಗಲಿಲ್ಲ. ಕೊನೆಗೆ ಹಾಲಿಗೆ ಏನೋ ಒಂದು ಪದ ಹೇಳಿದೆ. ಅವಳು ಖುಷಿಯಿಂದ ತಪ್ಪಿನ ಕಾಲಂನಲ್ಲಿ ಗೀಟು ಎಳೆದಳು. ಅಂದಿನ ಲೆಕ್ಕ: ಸರಿ 8, ತಪ್ಪು 11. ಸೋಮವಾರ: ಸರಿ 6, ತಪ್ಪು 14. ಅಷ್ಟು ಹೊತ್ತಿಗೆ ನಮ್ಮ ಕೋಣೆಯಿಂದ ನಗು ಕೆಳಗಿನ ತರಗತಿಗೂ ಕೇಳಿಸುತ್ತಿತ್ತು.

ನವೆಂಬರ್ 12, ಬುಧವಾರ, ಮೂವತ್ತೆರಡನೇ ತರಗತಿ. ಹರಿಹರ ತಲುಪಿದಾಗ 10 ಗಂಟೆ 5 ನಿಮಿಷ. ಅಂದು ಅಜ್ಜಿ ಗಿರಣಿಗೆ ಜೋಳ ಕಳಿಸಬೇಕಿತ್ತು. ಪಡಸಾಲೆಯಲ್ಲಿ ಜೋಳದ ರಾಶಿ, ಪಕ್ಕದಲ್ಲಿ ಚೀಲ, ಹಿತ್ತಾಳೆಯ ಸೇರು. ಅಜ್ಜಿಗೆ ಭುಜ ನೋವು.

"ಯವ್ವಾ ಟೀಚರ್ರ, ರೈತರ ಮನಿ ಮಗಳಲ್ಲ ನೀವು? ಹನ್ನೆರಡು ಸೇರು ಅಳದು ಚೀಲಕ್ಕೆ ಸುರೀರಿ. ನನ್ನ ರಾಣಿ ಲೆಕ್ಕ ಹಿಡೀತಾಳೆ. ಪುಸ್ತಕ ಬೇರೆ ತಂದಾಳೆ ನೋಡ್ರಿ, ಥೇಟ್ ಶಾನಭೋಗರು!"

ಹುಡುಗಿ ಚೀಲದ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಪುಸ್ತಕ ತೆರೆದಳು. ನಾನು ಸೇರು ತುಂಬಿ, ಅಂಗೈಯಿಂದ ಮೇಲೆ ಸವರಿ, ಚೀಲಕ್ಕೆ ಸುರಿದು, "ಒಂದು," ಅಂದೆ.

"ಒಂದು ಅಲ್ಲ. ಲಾಭ."

ಸೊಸೆಯ ಕೈ ಹಿಟ್ಟಿನಲ್ಲೇ ನಿಂತಿತು. ಪಡಸಾಲೆಯಲ್ಲಿ ರೊಟ್ಟಿ ಬಡಿಯುವ ಸದ್ದೂ ನಿಂತಿತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು, ಅವಳ ಹುಬ್ಬು ಗಂಟಿಕ್ಕಿತ್ತು.

"ಒಂದು ಅನ್ನಬಾರ್ದು. ಅಜ್ಜಿ ಬೈತಾಳೆ. ಲಾಭ ಅನ್ಬೇಕು, ಆಮೇಲೆ ಎರಡು. ಗೊತ್ತಿಲ್ಲೇನ್ರಿ ನಿಮಗೆ?"

ಗೊತ್ತಿತ್ತು. ಲೋಕಿಕೆರೆಯ ನಮ್ಮ ಕಣದಲ್ಲಿ ಅಪ್ಪ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎಂದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. "ಲಾಭ" ಎಂದು ಗಟ್ಟಿಯಾಗಿ ಕೂಗಿ, ಆಮೇಲೆ ಎರಡು, ಮೂರು. ರಾಶಿ ಹೆಚ್ಚಲಿ ಎಂದು ಧಾನ್ಯದ ಎಣಿಕೆ ಲಾಭದಿಂದಲೇ ಶುರುವಾಗುತ್ತಿತ್ತು. ಇಷ್ಟು ವರ್ಷ ಕಾಲಂ ಎಳೆದು ಎಣಿಸುತ್ತ ನಾನು ಅದನ್ನು ಮರೆತಿದ್ದೆ. ಮೂರು ಬುಧವಾರ ಅಜ್ಜಿ ಹಿಟ್ಟು ಅಳೆಯುವಾಗ ಮಗ್ಗುಲಲ್ಲಿ ಬಾಯಿಮುಚ್ಚಿ ಕೂತಿದ್ದ ಮಗು ಅದನ್ನು ಎತ್ತಿಕೊಂಡಿತ್ತು.

ಎಲ್ಲರೂ ಅಜ್ಜಿಯ ಕಡೆ ನೋಡಿದೆವು. ಅಳುತ್ತಾರೇನೋ ಅಂದುಕೊಂಡೆ. ಅಜ್ಜಿ ಅಷ್ಟು ಸುಲಭದವರಲ್ಲ. ಏನೂ ಆಗಿಲ್ಲವೆಂಬಂತೆ ರೊಟ್ಟಿ ತಿರುವಿ ಹಾಕಿದರು.

"ಹೂಂ, ಹೇಳು ಮತ್ತೆ, ಬುದ್ಧಿ ಹೇಳು ನಿಮ್ಮ ಟೀಚರ್ಗೆ. ಬಿ.ಎಡ್. ಓದ್ಯಾಳಂತೆ, ಲಾಭ ಅನ್ನೋಕ್ ಬರಲ್ಲ. ಚೀಲ ಖಾಲಿ ಮಾಡಿ ಮೊದಲಿಂದ ಅಳೀಲಿ ಅನ್ನು."

"ಖಾಲಿ ಮಾಡ್ರಿ," ಅಂದಳು ಮೊಮ್ಮಗಳು.

ಖಾಲಿ ಮಾಡಿದೆ. ಮತ್ತೆ ತುಂಬಿ ಸುರಿದು "ಲಾಭ" ಅಂದೆ. ಅವಳು "ಲಾಭ" ಅಂದಳು. ಎರಡು, ಅವಳೂ ಎರಡು. ಹನ್ನೆರಡರವರೆಗೆ ಇಬ್ಬರೂ ಕೂಗಿ ಎಣಿಸಿದೆವು. ಆರನೇ ಸೇರಿನ ಹೊತ್ತಿಗೆ ರೊಟ್ಟಿ ಬಡಿಯುವ ಹೆಂಗಸರೂ ಜೊತೆಗೂಡಿದ್ದರು. ಚೀಲದ ಬಾಯಿ ಕಟ್ಟಿದ ಮೇಲೆ ಅಜ್ಜಿ ಎದ್ದು ನೀರು ತರುವ ನೆಪದಲ್ಲಿ ಹಿತ್ತಲಿಗೆ ಹೋದರು. ಬರಲು ಸ್ವಲ್ಪ ಹೊತ್ತಾಯಿತು. ಬಂದಾಗ ಕೈಯಲ್ಲಿ ನೀರಿರಲಿಲ್ಲ.

ನಾನು ಮೂರು ತಿಂಗಳು ಕಾದ ಆ ಗಳಿಗೆಯ ಗಂಟೆ, ನಿಮಿಷ ನನ್ನಲ್ಲಿಲ್ಲ. ಗಡಿಯಾರ ನೋಡಲಿಲ್ಲ, ಪುಸ್ತಕ ನನ್ನ ಕೈಯಲ್ಲಿರಲಿಲ್ಲ. ಸಂಜೆ ಅವಳನ್ನು ಕೇಳಿ ತೆರೆದು ನೋಡಿದರೆ ಆ ಪುಟದಲ್ಲಿ ಒಂದೇ ಗೀಟು ಇತ್ತು, ನನ್ನ ತಪ್ಪಿನ ಕಾಲಂನಲ್ಲಿ. ಪಕ್ಕದಲ್ಲಿ ಅವಳು ಒಂದು ಚಿಕ್ಕ ಸೇರಿನ ಚಿತ್ರ ಬರೆದಿದ್ದಳು.

ಆ ಭಾನುವಾರ ಊರಿನಲ್ಲಿ ಇದನ್ನು ಹೇಳಿದಾಗ ಅಪ್ಪ ಹಣೆ ಬಡಿದುಕೊಂಡರು. "ನಮ್ಮ ಕಣದಾಗ ಬೆಳದು ಒಂದು ಅಂದ್ಯಾ? ಆ ಬಿಳೀ ಹುಡುಗಿ ಮುಂದೆ ನನ್ನ ಮಾನ ಕಳದ್ಯಲ್ಲೇ!" ಎಂದು ಬೈದವರು, ನಾನು ಹೊರಡುವಾಗ ಅವಳಿಗೆಂದು ಹಸಿ ಶೇಂಗಾ ಕಟ್ಟಿಕೊಟ್ಟರು.

ಮಾತು ಬಂದದ್ದು ಒಮ್ಮೆಲೇ ಅಲ್ಲ. ಮೊದಲು ಅಜ್ಜಿಯ ಮನೆಯಲ್ಲಿ ಮಾತ್ರ, ಆಮೇಲೆ ವ್ಯಾನಿನಲ್ಲಿ, ನವೆಂಬರ್ ಕೊನೆಗೆ ನಮ್ಮ ಕೋಣೆಯಲ್ಲೂ. ಎಷ್ಟು ಪದ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಲೆಕ್ಕವಿಲ್ಲ. ಪುಸ್ತಕ ಅವಳ ಚೀಲದಲ್ಲೇ ಇತ್ತು, ಅದರಲ್ಲಿ ಇದ್ದದ್ದೆಲ್ಲ ನನ್ನ ಸ್ವೀಡಿಷಿನ ತಪ್ಪುಗಳು. ತಂದೆಯ ಎದುರು ಮಾತ್ರ ಅವಳು ಇನ್ನೂ ಕನ್ನಡ ಆಡಿರಲಿಲ್ಲ. ನಾವು ಹೇಳಿದರೆ ನಂಬಬೇಕಲ್ಲ ಅವರು, ಅದೊಂದು ಚಿಂತೆ ಉಳಿದಿತ್ತು.

ಡಿಸೆಂಬರ್ 12, ಶುಕ್ರವಾರ, ಬೆಳಿಗ್ಗೆ 6.15. ಲೂಸಿಯಾ ಎಂದರೆ ಹಗಲು ತೀರಾ ಚಿಕ್ಕದಾಗುವ ತಿಂಗಳಲ್ಲಿ ಅವರು ದೀಪ ಹಿಡಿದು ಹಾಡುವ ಬೆಳಗು. ಶಾಲೆಯ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಅಜ್ಜಿ ಹಿಂದಿನ ದಿನವೇ ಹರಿಹರದಿಂದ ಮಗಳ ಮನೆಗೆ ಬಂದು, ಇಳಕಲ್ ಸೀರೆ ಉಟ್ಟು, ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ಪಕ್ಕ ಅಳಿಯ. ಇನ್ನೊಂದು ಪಕ್ಕ, ಕಾಂಪೌಂಡಿನ ಮೇಲಿಂದ ಇಣುಕಿ "ಯಾರ ಮದುವಿರೀ ಇದು, ಇಷ್ಟು ಹೊತ್ತಿಗೇ?" ಎಂದು ಕೇಳಿ ಒಳಗೇ ಬಂದು ಕೂತ ಸಾಹುಕಾರರು.

ಒಂಬತ್ತು ಮಕ್ಕಳು ಬಿಳಿ ಅಂಗಿ ತೊಟ್ಟು ದೀಪ ಹಿಡಿದು ಮಹಡಿಯ ಮೆಟ್ಟಿಲಿಳಿದರು. ಎಲ್ಲರಿಗಿಂತ ದೊಡ್ಡ ಹುಡುಗಿಯ ತಲೆಯ ಮೇಲೆ ದೀಪಗಳ ಕಿರೀಟ. ಹಾಡು ಮುಗಿಯುವುದನ್ನೇ ಕಾದಿದ್ದ ಅಜ್ಜಿ ಮೊಮ್ಮಗಳ ಕೈ ಹಿಡಿದೆಳೆದರು.

"ಆ ಹುಡುಗಿ ತಲಿ ಮ್ಯಾಲೆ ಬೆಂಕಿ ಯಾಕ ಇಟ್ಟಾರೆ? ಕೂದ್ಲಿಗೆ ಹತ್ತಿದ್ರೆ?"

"ಅದು ಬ್ಯಾಟರಿ ದೀಪ ಅಜ್ಜಿ. ಹತ್ತಲ್ಲ."

"ಅಷ್ಟಕ್ಕೂ ದೀಪ ಯಾಕ?"

"ನಮ್ಮ ಊರಾಗ ಈಗ ಕತ್ತಲಿ ಜಾಸ್ತಿ. ಬೆಳಕು ಬಾ ಅಂತ ಕರೀತೀವಿ."

"ನಮ್ಮ ಕಾರ್ತೀಕ ಮುಗೀತು, ಇವರದು ಈಗ ಶುರುವಾತು," ಎಂದು ಅಜ್ಜಿ ಸಾಹುಕಾರರಿಗೆ ವಿವರಿಸಿದರು. ಆಮೇಲೆ ಗಂಟು ಬಿಚ್ಚಿ, "ನಿಮ್ಮಪ್ಪಗೆ ಹೇಳು, ರೊಟ್ಟಿ ಅಂದ್ರೆ ಹಪ್ಪಳ ಅಲ್ಲ. ಕಟಕಟ ಕಡೀಬಾರ್ದು, ಪಲ್ಯ ಹಚ್ಚಿಕೊಂಡು ತಿನ್ಬೇಕು. ಮದುವಿ ಆದಾಗಿಂದ ಹೇಳ್ಬೇಕು ಅಂತಿದ್ದೆ, ಹೇಳೋರು ಸಿಕ್ಕಿದ್ದಿಲ್ಲ," ಅಂದರು.

ಹೇಳಬಲ್ಲ ಮಗಳು ಎದುರಿಗೇ ಇದ್ದರು, ಅವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಹುಡುಗಿ ತಂದೆಗೆ ಸ್ವೀಡಿಷಿನಲ್ಲಿ ಹೇಳಿದಳು. ತಂದೆಯ ಮುಖ ಕೆಂಪಾಯಿತು. ಏನೋ ಕೇಳಿದರು. ಹುಡುಗಿ ಅಜ್ಜಿಯ ಕಡೆ ತಿರುಗಿ, "ಅಪ್ಪ ಕೇಳ್ತಾನೆ, ಯಾವ ಪಲ್ಯ ಅಂತ," ಅಂದಳು.

"ಬದನಿಕಾಯಿ ಎಣಗಾಯಿ ಅನ್ನು. ಭಾನುವಾರ ಬಂದ್ರೆ ಮಾಡಿ ಹಾಕ್ತೀನಿ ಅನ್ನು."

ಮತ್ತೆ ಸ್ವೀಡಿಷ್, ಮತ್ತೆ ಕನ್ನಡ. ಎಷ್ಟು ಜನ ಬರಬಹುದು, ಖಾರ ಎಷ್ಟು, ಹಬ್ಬಕ್ಕೆಂದು ಹಂಚಿದ ಕೇಸರಿಯ ಬನ್ನು ಅತ್ತೆಗೆ ಹಿಡಿಸಿತೇ. ಅತ್ತೆ ಮತ್ತು ಅಳಿಯ ಮೊದಲ ಬಾರಿಗೆ ಮಾತನಾಡುತ್ತಿದ್ದರು, ನಡುವೆ ಬಿಳಿ ಅಂಗಿಯ ಹುಡುಗಿ ಕತ್ತನ್ನು ಆಚೆ ಈಚೆ ತಿರುಗಿಸುತ್ತ ನಿಂತಿದ್ದಳು. ಸಾಹುಕಾರರು ಮೊಮ್ಮಗನನ್ನು ಕರೆಸಿ, "ನೋಡು, ಕಲಿ," ಅಂದರು.

ಗಡುವಿನ ಮಾತನ್ನು ಮುಖ್ಯ ಶಿಕ್ಷಕಿ ಎತ್ತಲೇ ಇಲ್ಲ. ಎತ್ತಿದ್ದು ತಂದೆಯೇ. ಇಂಗ್ಲಿಷಿಗೆ ಬೇರೆ ಸಮಯ ಹುಡುಕೋಣ, ಕನ್ನಡ ಹಾಗೇ ಇರಲಿ ಎಂದರು. ಆಮೇಲೆ ನನ್ನ ಹತ್ತಿರ ಬಂದು, ಆ ಮಹಡಿಯ ಕೋಣೆಯಲ್ಲಿ ನಲವತ್ತೊಂದು ವರ್ಷದ ಒಬ್ಬ ವಿದ್ಯಾರ್ಥಿಗೂ ಜಾಗ ಇದೆಯೇ ಎಂದು ಕೇಳಿದರು. ಇದೆ ಎಂದೆ. ಅವರ ತಪ್ಪುಗಳನ್ನು ಎಣಿಸುವ ಕೆಲಸಕ್ಕೆ ಮಗಳು ಆಗಲೇ ಪುಸ್ತಕ ತೆಗೆದಿದ್ದಳು.

ಆ ಅವಧಿಯ ಕೊನೆಗೆ ಮಕ್ಕಳಿಗೆ ಮತ್ತೆ ಮನುಷ್ಯಾಕಾರದ ಹಾಳೆ ಕೊಟ್ಟರು. ಅವಳು ಈ ಸಲ ಕೆಂಪನ್ನು ಕಿವಿಗಳಿಗೆ ಹಚ್ಚಿದಳು, ಬಾಯಿಗೆ ಹಚ್ಚಿದಳು, ಹೊಟ್ಟೆ ತುಂಬ ಹಚ್ಚಿದಳು. ಹೊಟ್ಟೆ ಏಕೆ ಎಂದರೆ, "ರೊಟ್ಟಿ" ಎಂದು ಒಂದೇ ಪದದ ಉತ್ತರ.

ಜನವರಿಯಲ್ಲಿ ನಾನು ಹೊಸ ನೋಟ್‌ಬುಕ್ ಕೊಂಡೆ. ಅದರ ಎಲ್ಲ ಎಣಿಕೆಗಳೂ ಒಂದರ ಬದಲು ಲಾಭದಿಂದ ಶುರುವಾಗುತ್ತವೆ. ಈ ಪದ್ಧತಿ ಎಲ್ಲೆಲ್ಲಿ ಉಳಿದಿದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದೇನೆ. ಲೋಕಿಕೆರೆಯಲ್ಲಿ ಹದಿನಾಲ್ಕು ಮನೆ, ಹರಿಹರದ ಅಜ್ಜಿಯ ಓಣಿಯಲ್ಲಿ ಆರು, ಸರಸ್ವತಿ ನಗರದ ನಮ್ಮ ಬೀದಿಯಲ್ಲಿ ಎರಡು. ನಿಮ್ಮ ಮನೆಯಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಏನೆನ್ನುತ್ತಾರೆ? ಬೇರೆ ಪದವಿದೆಯೇ? ಅದನ್ನು ಯಾರಿಂದ ಕಲಿತಿರಿ, ಯಾವ ವಯಸ್ಸಿನಲ್ಲಿ? ಕೇಳಿಸಿಕೊಳ್ಳುತ್ತಲೇ ಇದ್ದು, ಒಂದು ದಿನ ಹೀಗೆ ಬಾಯಿಬಿಟ್ಟ ಮಗು ನಿಮ್ಮಲ್ಲೂ ಇದ್ದರೆ, ಮೊದಲು ಆಡಿದ್ದು ಏನು? ಗೊತ್ತಿದ್ದವರು ನನಗೆ ಬರೆದು ತಿಳಿಸಬೇಕು. ಗಂಟೆ ನಿಮಿಷ ನೆನಪಿಲ್ಲದಿದ್ದರೂ ಅಡ್ಡಿಯಿಲ್ಲ.